ಮೈಕ್‌ಸೆಟ್ ಅಂಗಡಿಯ ಅಟ್ಟದಲ್ಲಿ: ಮಾಲೂರಿನಿಂದ ಶ್ರೀನಿವಾಸಪುರದವರೆಗೆ ಹಳೆಯ ಪ್ಲೇಟುಗಳ ಹಾದಿ

ಕೋಲಾರ ಜಿಲ್ಲೆಯಲ್ಲಿ ಹಳೆಯ ಸಿನಿಮಾ ಹಾಡುಗಳ ಪ್ಲೇಟು ಹುಡುಕಬೇಕಾದ ಮೊದಲ ಜಾಗ ಮೈಕ್‌ಸೆಟ್ ಅಂಗಡಿಯ ಅಟ್ಟ. 1960ರಿಂದ 80ರ ದಶಕದವರೆಗೆ ಇಲ್ಲಿನ ಸಣ್ಣ ಊರುಗಳಲ್ಲಿ ಸ್ವಂತಕ್ಕೆ ರೆಕಾರ್ಡ್ ಪ್ಲೇಯರ್ ಇಟ್ಟುಕೊಂಡಿದ್ದ ಮನೆಗಳು ಕಡಿಮೆ. ಡಾಕ್ಟರು, ವಕೀಲರು, ಮಂಡಿ ಸಾಹುಕಾರರು, ಚಿನ್ನದ ಗಣಿಯ ಅಧಿಕಾರಿಗಳು ಎಂದು ಎಣಿಸಿದರೆ ಪಟ್ಟಿ ಹೆಚ್ಚುಕಡಿಮೆ ಮುಗಿಯುತ್ತದೆ. ಉಳಿದವರು ಹಾಡು ಕೇಳಿದ್ದು ಮದುವೆ ಚಪ್ಪರದ ಹಾರನ್‌ನಲ್ಲಿ, ಗಣೇಶನ ಪೆಂಡಾಲಿನಲ್ಲಿ, ಜಾತ್ರೆಯಲ್ಲಿ, ಟೆಂಟ್ ಸಿನಿಮಾದ ಕಂಬದ ಮೇಲಿನ ಲೌಡ್‌ಸ್ಪೀಕರ್‌ನಲ್ಲಿ, ಇಲ್ಲವೇ ರೇಡಿಯೊದಲ್ಲಿ. ಪ್ಲೇಟು ಕೊಳ್ಳುವುದು, ಜೋಪಾನ ಮಾಡುವುದು, ಹಾಕುವುದು ಮೈಕ್‌ಸೆಟ್‌ನವರ ಕಸುಬಾಗಿತ್ತು. ಹಾಗಾಗಿ ಮಾಲೂರು, ಕೋಲಾರ, ಮುಳಬಾಗಿಲು, ಶ್ರೀನಿವಾಸಪುರಗಳನ್ನು ಸುತ್ತುವ ಸಂಗ್ರಾಹಕನ ಕೈಗೆ ಬರುವುದು ಊರಿಗೆ ಊರೇ ಕೇಳಿದ ಹಾಡುಗಳ ಲೆಕ್ಕ.

ಹುಡುಕುವ ವಸ್ತುವಿನ ಪರಿಚಯ ಮೊದಲು ಆಗಬೇಕು. ಈ ಊರುಗಳಲ್ಲಿ ಸಿಗುವ ಪ್ಲೇಟುಗಳು ಮುಖ್ಯವಾಗಿ ಮೂರು ಬಗೆ. ಮೊದಲನೆಯದು ನಿಮಿಷಕ್ಕೆ 78 ಸುತ್ತು ತಿರುಗುವ, ಹತ್ತು ಅಂಗುಲದ, ಕೈಜಾರಿದರೆ ಚೂರಾಗುವ ಅರಗಿನ ಪ್ಲೇಟು. ಒಂದು ಬದಿಗೆ ಮೂರು ನಿಮಿಷ ಚಿಲ್ಲರೆಯ ಒಂದೇ ಹಾಡು. ಇದಕ್ಕೆ ಬೇಕಾದ ಅರಗು ಒಂದು ಬಗೆಯ ಕೀಟ ಮರದ ರೆಂಬೆಗಳ ಮೇಲೆ ಕಟ್ಟುವ ರಾಳ. ಜಗತ್ತಿನ ಕಾರ್ಖಾನೆಗಳಿಗೆ ಅದು ಬಹುಪಾಲು ಭಾರತದಿಂದಲೇ ಹೋಗುತ್ತಿತ್ತು. ಎರಡನೆಯದು ವಿನೈಲ್‌ನಿಂದ ಮಾಡಿದ ಏಳು ಅಂಗುಲದ ಪ್ಲೇಟು. ಅಮೆರಿಕದಲ್ಲಿ 1949ರಲ್ಲಿ ಮಾರುಕಟ್ಟೆಗೆ ಬಂದ ಇದು ನಿಮಿಷಕ್ಕೆ 45 ಸುತ್ತು ತಿರುಗುತ್ತದೆ. ಬದಿಗೊಂದು ಹಾಡಿದ್ದರೆ ಎಸ್‌ಪಿ, ಎರಡಿದ್ದರೆ ಇಪಿ. ಮೂರನೆಯದು ಹನ್ನೆರಡು ಅಂಗುಲದ, 33 ಚಿಲ್ಲರೆ ಸುತ್ತಿನ ಎಲ್‌ಪಿ. ಅಮೆರಿಕದ 45ರ ಪ್ಲೇಟಿಗೆ ನಡುವೆ ರೂಪಾಯಿ ನಾಣ್ಯಕ್ಕಿಂತ ದೊಡ್ಡ ತೂತು ಇರುತ್ತದೆ. ಭಾರತದ ಪ್ಲೇಟುಗಳಿಗೆ ಬ್ರಿಟಿಷ್ ಪದ್ಧತಿಯಂತೆ ಸಾಮಾನ್ಯವಾಗಿ ಸಣ್ಣ ತೂತು.

ಮೈಕ್‌ಸೆಟ್‌ನವರಿಗೆ ಒಗ್ಗಿದ್ದು ಇಪಿ. ಸೈಕಲ್ ಕ್ಯಾರಿಯರ್‌ಗೆ ಆಂಪ್ಲಿಫೈಯರ್, ಬ್ಯಾಟರಿ, ಹಾರನ್ ಕಟ್ಟಿಕೊಂಡು ಹಳ್ಳಿ ದಾರಿಯಲ್ಲಿ ಹೋಗುವವನಿಗೆ ಅರಗಿನ ಪ್ಲೇಟು ದಿನಕ್ಕೊಂದು ಒಡೆಯುವ ಸಾಮಾನು. ಎಲ್‌ಪಿಗೆ ಕಾಸು ಹೆಚ್ಚು, ಜಾಗವೂ ಹೆಚ್ಚು. ಇಪಿ ಒಂದಕ್ಕೆ ನಾಲ್ಕು ಹಾಡು, ತಗಡಿನ ಟ್ರಂಕಿನಲ್ಲಿ ಐವತ್ತು ಅರವತ್ತು ಹಿಡಿಸುತ್ತವೆ, ಬಿದ್ದರೂ ಒಡೆಯುವುದಿಲ್ಲ. ಮುಹೂರ್ತಕ್ಕೆ ಒಂದು, ಊಟದ ಹೊತ್ತಿಗೆ ಒಂದು, ಬೀಗರು ಬಂದಾಗ ಇನ್ನೊಂದು ಎಂದು ಸಂದರ್ಭ ನೋಡಿ ಬೇಗ ಬದಲಾಯಿಸಲೂ ಸುಲಭ.

ಈ ಪ್ಲೇಟುಗಳು ಬಂದದ್ದು ಬಹುಪಾಲು ಕೋಲ್ಕತ್ತದಿಂದ. ಗ್ರಾಮಫೋನ್ ಕಂಪನಿ 1902ರಲ್ಲಿ ಅಲ್ಲಿ ಗೋಹರ್ ಜಾನ್ ಮೊದಲಾದವರ ಹಾಡು ಮುದ್ರಿಸಿಕೊಂಡಾಗ ಪ್ಲೇಟು ಅಚ್ಚಾಗಿ ಬರಬೇಕಾದದ್ದು ಜರ್ಮನಿಯ ಹ್ಯಾನೋವರ್‌ನಿಂದ. 1908ರಲ್ಲಿ ಕೋಲ್ಕತ್ತದ ಸಿಯಾಲ್ದಾದಲ್ಲೇ ಕಾರ್ಖಾನೆ ತೆರೆಯಿತು, 1928ರಲ್ಲಿ ಅದು ದಮ್‌ದಮ್‌ಗೆ ಹೋಯಿತು. ಎಚ್‌ಎಂವಿ, ಕೊಲಂಬಿಯಾ, ಓಡಿಯನ್, ಏಂಜಲ್ ಎಂಬ ಹೆಸರುಗಳಲ್ಲಿ ಕನ್ನಡ ಸಿನಿಮಾ ಹಾಡು ಮಾರಾಟವಾಗುತ್ತಿದ್ದರೂ ಹಿಂದಿದ್ದ ಕಂಪನಿ ಒಂದೇ. 1970ರ ಹೊತ್ತಿಗೆ ಪಾಲಿಡಾರ್ ಪೈಪೋಟಿಗೆ ಇಳಿಯಿತು. ಹಾಡಲ್ಲದ ಪ್ಲೇಟೂ ಹಾರನ್ ಏರಬಹುದೆಂದು ತೋರಿಸಿದ್ದು ಅದು ಹೊರತಂದ ‘ಶೋಲೆ’ಯ (1975) ಸಂಭಾಷಣೆಯ ಪ್ಲೇಟು. ಹಿಂದಿ ಬಾರದ ಊರುಗಳಲ್ಲೂ ಗಬ್ಬರ್ ಸಿಂಗ್‌ನ ಮಾತು ಮಕ್ಕಳಿಗೆ ಬಾಯಿಪಾಠವಾಗಿತ್ತು.

ಬೆಂಗಳೂರಿನಿಂದ ಹೊರಟವರಿಗೆ ಮೊದಲ ನಿಲ್ದಾಣ ಮಾಲೂರು. ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ 1864ರಲ್ಲಿ ತೆರೆದ ರೈಲು ದಾರಿ ಈ ಊರಿನ ಮೇಲೇ ಹಾದಿದೆ. ಬೆಂಗಳೂರಿಗೆ ಇಷ್ಟು ಹತ್ತಿರವಿರುವುದು ಸಂಗ್ರಾಹಕನಿಗೆ ಅನುಕೂಲವೂ ಹೌದು, ತೊಡಕೂ ಹೌದು. ಅನುಕೂಲವೆಂದರೆ ಅವೆನ್ಯೂ ರಸ್ತೆ, ಚಿಕ್ಕಪೇಟೆಗೆ ರೈಲಿನಲ್ಲಿ ಹೋಗಿ ಹೊಸ ಪ್ಲೇಟು ತರುವುದು ಇಲ್ಲಿನವರಿಗೆ ಒಂದು ದಿನದ ಕೆಲಸವಾಗಿತ್ತು. ತೊಡಕೆಂದರೆ ಅದೇ ರೈಲಿನಲ್ಲಿ ಹಳೆಯ ಪ್ಲೇಟುಗಳು ವಾಪಸು ಬೆಂಗಳೂರಿಗೆ ಹೋಗುತ್ತವೆ. ಗುಜರಿಯವರು ಮೂಟೆ ಕಟ್ಟಿ ಸಾಗಿಸಿದ ಸರಕು ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರ್ ಸೇರಿದ ಮೇಲೆ ಅದು ಯಾವ ಊರಿನದೆಂದು ಹೇಳುವವರು ಇರುವುದಿಲ್ಲ.

ಮಾಲೂರು ಹೆಂಚು, ಇಟ್ಟಿಗೆಯ ಊರು. ಹಬ್ಬ, ಜಾತ್ರೆಗಳೇ ಇಲ್ಲಿನ ಮೈಕ್‌ಸೆಟ್ ಕಸುಬಿನ ಆಧಾರ. ಧರ್ಮರಾಯನ ಗುಡಿಯ ಕರಗ, ತಾಲ್ಲೂಕಿನ ಚಿಕ್ಕ ತಿರುಪತಿಯ ವೆಂಕಟರಮಣನ ಉತ್ಸವ, ಶ್ರಾವಣ ಶನಿವಾರಗಳು, ರಾಮನವಮಿ, ಅಣ್ಣಮ್ಮನ ಉತ್ಸವ ಹೀಗೆ ವರ್ಷವಿಡೀ ಒಂದಲ್ಲ ಒಂದು ಬುಕಿಂಗ್ ಇದ್ದೇ ಇರುತ್ತಿತ್ತು. ಇಂಥ ಕಡೆ ಸಿಗುವ ಪೆಟ್ಟಿಗೆಯಲ್ಲಿ ಸಿನಿಮಾ ಹಾಡಿನಷ್ಟೇ ಭಕ್ತಿಗೀತೆಯೂ ಇರುತ್ತದೆ. 1963ರಲ್ಲಿ ಎಚ್‌ಎಂವಿ ತಂದ ಎಂ.ಎಸ್. ಸುಬ್ಬುಲಕ್ಷ್ಮಿಯವರ ವೆಂಕಟೇಶ ಸುಪ್ರಭಾತ ಇಲ್ಲದ ಪೆಟ್ಟಿಗೆ ಅಪರೂಪ. ಅದರ ಸವೆತ ಮಾತ್ರ ಬೇರೆ ಬಗೆಯದು. ದಿನಾ ಬೆಳಗ್ಗೆ ಒಂದೇ ಬದಿ ಓಡಿ ಓಡಿ ಮೊದಲ ಬದಿ ಮಾಸಿರುತ್ತದೆ, ಎರಡನೆಯದರ ಹೊಳಪು ಹಾಗೇ ಉಳಿದಿರುತ್ತದೆ.

ಸವೆತವನ್ನು ಓದುವುದು ಈ ಹವ್ಯಾಸದ ಮುಖ್ಯ ವಿದ್ಯೆ. ಒಂದು ಇಪಿಯನ್ನು ಕವರ್‌ನಿಂದ ತೆಗೆದು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಎರಡು ಹಾಡುಗಳ ಪಟ್ಟೆಗಳು ನಡುವಿನ ಹೊಳೆಯುವ ಗೆರೆಯಿಂದ ಬೇರೆಬೇರೆಯಾಗಿ ಕಾಣುತ್ತವೆ. ಕಡಿಮೆ ಓಡಿದ ಪಟ್ಟೆ ಎಣ್ಣೆ ಸವರಿದಂತೆ ಕಪ್ಪಗಿರುತ್ತದೆ. ಹೆಚ್ಚು ಓಡಿದ್ದು ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಪಟ್ಟೆಯ ಶುರುವಿಗೆ ಸರಿಯಾಗಿ ಸಣ್ಣ ಸಣ್ಣ ಚುಕ್ಕೆಗಾಯಗಳಿದ್ದರೆ, ಬೇರೆ ಹಾಡು ಬಿಟ್ಟು ಅದೊಂದನ್ನೇ ಹಾಕಲು ಮುಳ್ಳನ್ನು ಕೈಯಿಂದ ಎತ್ತಿ ಇಟ್ಟಿದ್ದಾರೆ ಎಂದು ಅರ್ಥ. ಲೇಬಲ್ ಮೇಲೆ ಸೌಂಡ್ ಸರ್ವಿಸ್‌ನ ರಬ್ಬರ್ ಸ್ಟಾಂಪು, ಮಸಿಯಲ್ಲಿ ಬರೆದ ಪೆಟ್ಟಿಗೆಯ ನಂಬರು, ಕವರಿನ ಮೂರು ಅಂಚಿಗೆ ಹಳದಿಯಾದ ಟೇಪು, ಹಿಂಬದಿಯಲ್ಲಿ ಯಾವುದೋ ಮದುವೆಯ ಬಾಡಿಗೆ ಲೆಕ್ಕ. ಹೊಸ ಪ್ಲೇಟು ಬೇಕೆನ್ನುವವರು ಇಂಥದ್ದನ್ನು ಪಕ್ಕಕ್ಕೆ ಸರಿಸುತ್ತಾರೆ. ಒಂದು ಊರಿಗೆ ಯಾವ ಹಾಡು ಬೇಕಿತ್ತು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಸಿಗುವುದು ಕಷ್ಟ.

ಮಾಲೂರು ಬಿಟ್ಟರೆ ಮುಂದಿನದು ಕೋಲಾರ. ಜಿಲ್ಲಾ ಕೇಂದ್ರವಾದ್ದರಿಂದ ಪ್ಲೇಯರ್ ರಿಪೇರಿಯೂ ಹೆಚ್ಚಾಗಿ ಇಲ್ಲಿಗೇ ಬರುತ್ತಿತ್ತು. ಹಳೆಯ ರೇಡಿಯೊ ರಿಪೇರಿ ಅಂಗಡಿಗಳಲ್ಲಿ ಪ್ಲೇಟಿಗಿಂತ ಮೊದಲು ಕಣ್ಣಿಗೆ ಬೀಳುವುದು ಯಂತ್ರದ ಭಾಗಗಳು: ಎಚ್‌ಎಂವಿ ಫಿಯೆಸ್ಟಾದ ಪ್ಲಾಸ್ಟಿಕ್ ಮುಚ್ಚಳ, ಕಾರ್ಟ್ರಿಡ್ಜ್ ಕಳಚಿದ ತೋಳು, ಕೀ ಕೊಡುವ ಗ್ರಾಮಫೋನಿನ ಸ್ಪ್ರಿಂಗು, ತುಕ್ಕು ಹಿಡಿದ ಮುಳ್ಳಿನ ಡಬ್ಬಿ. ಫಿಯೆಸ್ಟಾ ಬ್ಯಾಟರಿಗೂ ಓಡುತ್ತಿದ್ದ ಹಗುರದ ಪ್ಲೇಯರ್, ವಿದ್ಯುತ್ ನೆಚ್ಚಿಕೊಳ್ಳಲಾಗದ ಕಾಲಕ್ಕೆ ಹೇಳಿಮಾಡಿಸಿದ್ದು. ಸಂಗ್ರಾಹಕರು ಇಂದಿಗೂ ಇಂಥದ್ದೊಂದನ್ನು ದುರಸ್ತಿ ಮಾಡಿಸಿ ಜೊತೆಗಿಟ್ಟುಕೊಳ್ಳುವುದುಂಟು, ಅಂಗಡಿಯಲ್ಲೇ ಹಾಕಿ ನೋಡಲು ಅನುಕೂಲ.

ಕೋಲಾರದ ಪೆಟ್ಟಿಗೆಗಳಲ್ಲಿ ಕನ್ನಡದ ಪಾಲು ಹೆಚ್ಚು. 1960ರ ದಶಕದ ಕೊನೆ ಮತ್ತು 70ರ ದಶಕ ಕನ್ನಡ ಇಪಿಗಳ ಸುಗ್ಗಿಯ ಕಾಲ. ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್–ನಾಗೇಂದ್ರ ಅವರ ಸಂಗೀತ; ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ, ಪಿ. ಸುಶೀಲ ಅವರ ಕಂಠ. ‘ಬೆಳ್ಳಿಮೋಡ’ (1967), ‘ಕಸ್ತೂರಿ ನಿವಾಸ’ ಮತ್ತು ‘ಶರಪಂಜರ’ (1971), ‘ಬಂಗಾರದ ಮನುಷ್ಯ’ ಮತ್ತು ‘ನಾಗರಹಾವು’ (1972), ‘ಗಂಧದ ಗುಡಿ’ (1973), ‘ಎರಡು ಕನಸು’ (1974) ಚಿತ್ರಗಳ ಹಾಡುಗಳನ್ನು ಎಲ್ಲರೂ ಕೇಳಿಕೊಂಡು ಬರುತ್ತಾರೆ. 1974ರ ‘ಸಂಪತ್ತಿಗೆ ಸವಾಲ್’ ಒಂದು ಗಡಿಗಲ್ಲು. ಎಮ್ಮೆಯ ಮೇಲೆ ಕೂತು ರಾಜ್‌ಕುಮಾರ್ ತಾವೇ ಹಾಡಿದ ಹಾಡು ಗೆದ್ದ ಮೇಲೆ ಅವರಿಗೆ ಅವರದೇ ಕಂಠ ಕಾಯಂ ಆಯಿತು. ಪೆಟ್ಟಿಗೆಯನ್ನು ವರ್ಷಾನುಸಾರ ಜೋಡಿಸಿದರೆ ಪಿ.ಬಿ. ಶ್ರೀನಿವಾಸರ ಹೆಸರು ತೆಳುವಾಗುತ್ತಾ ಹೋಗಿ ರಾಜ್ ಹೆಸರು ಗಾಯಕರ ಸಾಲಿಗೆ ಬರುವುದು ಲೇಬಲ್‌ಗಳ ಮೇಲೇ ಕಾಣುತ್ತದೆ.

ಪಾಶ್ಚಾತ್ಯ ಧಾಟಿಯ ಹಾಡು ಹುಡುಕುವವರ ಕಣ್ಣು ಬೇರೆಯ ಕಡೆ. ‘ಜೇಡರ ಬಲೆ’ಯಿಂದ (1968) ಶುರುವಾದ ಸಿಐಡಿ 999 ಚಿತ್ರಗಳು, ಎಲ್.ಆರ್. ಈಶ್ವರಿಯವರ ಕ್ಯಾಬರೆ ಹಾಡುಗಳು, ಗಿಟಾರ್, ಬಾಂಗೊ, ಸ್ಯಾಕ್ಸೊಫೋನ್ ತುಂಬಿದ ಹಿನ್ನೆಲೆ ಇವರಿಗೆ ಪ್ರಿಯ. ಅದೇ ಸರಣಿಯ ‘ಆಪರೇಷನ್ ಡೈಮಂಡ್ ರಾಕೆಟ್’ (1978) ಚಿತ್ರದಲ್ಲಿ ರಾಜ್‌ಕುಮಾರ್ ಇಂಗ್ಲಿಷ್ ಹಾಡನ್ನೇ ಹಾಡಿದ್ದಾರೆ. ಕನ್ನಡ ಪ್ಲೇಟುಗಳನ್ನು ಮೂಸಿಯೂ ನೋಡದ ಹೊರನಾಡಿನ ಸಂಗ್ರಾಹಕರು ಈಗ ಈ ಬಗೆಯ ಹಾಡುಗಳಿಗೆ ದುಂಬಾಲು ಬೀಳುತ್ತಾರೆ. ಹಾಗಾಗಿ ಬೆಲೆಯೂ ಏರಿದೆ.

ನಿಜವಾದ ಇಂಗ್ಲಿಷ್ ಪಾಪ್ ಪ್ಲೇಟುಗಳು ಕೋಲಾರಕ್ಕೆ ಬಂದದ್ದು ಬಂಗಾರಪೇಟೆಯ ಕಡೆಯಿಂದ, ಅಂದರೆ ಚಿನ್ನದ ಗಣಿಯಿಂದ. ಜಾನ್ ಟೇಲರ್ ಕಂಪನಿ 1880ರಲ್ಲಿ ಗಣಿ ಹಿಡಿದ ಮೇಲೆ ಉರಿಗಾಂ, ಚಾಂಪಿಯನ್ ರೀಫ್, ಮಾರಿಕುಪ್ಪಂಗಳಲ್ಲಿ ಬ್ರಿಟಿಷರದೂ ಆಂಗ್ಲೊ ಇಂಡಿಯನ್ನರದೂ ದೊಡ್ಡ ಬಿಡಾರ ಬೆಳೆಯಿತು. ಕ್ಲಬ್ಬು, ಕ್ರಿಸ್‌ಮಸ್ ಡಾನ್ಸು, ಬ್ಯಾಂಡು ಎಲ್ಲ ಇದ್ದ ಆ ಊರನ್ನು ಲಿಟಲ್ ಇಂಗ್ಲೆಂಡ್ ಎಂದೇ ಕರೆಯುತ್ತಿದ್ದರು. ಅಲ್ಲಿನ ಮನೆಗಳ ಪೆಟ್ಟಿಗೆಗಳಲ್ಲಿ ಜಿಮ್ ರೀವ್ಸ್, ಕ್ಲಿಫ್ ರಿಚರ್ಡ್, ಎಂಗಲ್ಬರ್ಟ್ ಹಂಪರ್‌ಡಿಂಕ್ ಸಾಮಾನ್ಯ. ಇವರಲ್ಲಿ ಕ್ಲಿಫ್ ಹುಟ್ಟಿದ್ದು ಲಖನೌದಲ್ಲಿ (1940), ಹಂಪರ್‌ಡಿಂಕ್ ಮದರಾಸಿನಲ್ಲಿ (1936). ಬೀಟಲ್ಸ್ ಹಾಡುಗಳು 1960ರ ದಶಕದ ನಡುವಿನವರೆಗೂ ಭಾರತದಲ್ಲಿ 78ರ ಅರಗಿನ ಪ್ಲೇಟಿನಲ್ಲೂ ಅಚ್ಚಾದವು. ಇಂಗ್ಲೆಂಡ್, ಅಮೆರಿಕಗಳಲ್ಲಿ ಅರಗಿನ ಕಾಲ ಆಗಲೇ ಮುಗಿದಿದ್ದರಿಂದ ಇವಕ್ಕೆ ಜಗತ್ತಿನಾದ್ಯಂತ ಬೇಡಿಕೆ ಇದೆ. ಆಂಗ್ಲೊ ಇಂಡಿಯನ್ ಕುಟುಂಬಗಳು ಒಂದೊಂದಾಗಿ ಆಸ್ಟ್ರೇಲಿಯಾ, ಇಂಗ್ಲೆಂಡಿಗೆ ಹೊರಟಾಗ ಪ್ಲೇಟುಗಳು ನೆರೆಯವರ ಪಾಲಾದವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಉಳಿದದ್ದೂ ಗುಜರಿಗೆ ಬಿತ್ತು.

ಕೋಲಾರದಿಂದ ಮೂಡಲಿಗೆ ಸುಮಾರು 30 ಕಿಲೋಮೀಟರ್ ಹೋದರೆ ಮುಳಬಾಗಿಲು. ಬೆಂಗಳೂರು–ಮದ್ರಾಸ್ ಹೆದ್ದಾರಿಯ ಊರು. ರೈಲಿಲ್ಲ, ಬಸ್ಸೇ ಗತಿ. ಇಲ್ಲಿಂದ ಆಂಧ್ರದ ಗಡಿ ಕೂಗಳತೆಯಲ್ಲಿದೆ, ತಿರುಪತಿಗೆ ಹೋಗುವವರು ಹಾಯುವುದೂ ಇದೇ ದಾರಿ. ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ, ಪೇಟೆಯಲ್ಲಿ ಉರ್ದು ಕೇಳುವ ಊರಿನಲ್ಲಿ ಪ್ಲೇಟುಗಳೂ ಹಾಗೇ ಬೆರೆತಿರುತ್ತವೆ. ತೆಲುಗಿನ ಗಾಯಕ ಘಂಟಸಾಲ ಅವರ ಪ್ಲೇಟುಗಳು ಕನ್ನಡದವಕ್ಕೆ ಸರಿಸಮ. ಈ ಸೀಮೆಯ ಟೆಂಟ್ ಸಿನಿಮಾಗಳಲ್ಲಿ ಆಟಕ್ಕೆ ಮೊದಲು ಅವರು ಹಾಡಿದ ತಿಮ್ಮಪ್ಪನ ಭಕ್ತಿಗೀತೆ ಹಾಕುವುದು ರೂಢಿಯಾಗಿತ್ತು. ಅದು ಕೇಳಿಸಿತೆಂದರೆ ಟಿಕೆಟ್ ಕೊಡುತ್ತಾರೆ ಎಂದು ಅರ್ಥ, ಸುತ್ತಲ ಹಳ್ಳಿಯವರು ಆಮೇಲೆ ಕಾಲು ಚುರುಕು ಮಾಡುತ್ತಿದ್ದರು. ಘಂಟಸಾಲ 1974ರಲ್ಲಿ ತೀರಿಕೊಂಡ ಮೇಲೆ ಅವರ ಭಗವದ್ಗೀತೆಯ ಎಲ್‌ಪಿಯೂ ಗುಡಿಗುಡಿಗಳ ಮೈಕಿಗೆ ಏರಿತು. ಈಗ ಅದು ಸಾವಿನ ಮನೆಯ ಮುಂದೆ ಕೇಳಿಸುವ ಧ್ವನಿಯಾಗಿದೆ.

ಊರಿನ ಇನ್ನೊಂದು ಮುಖ ಹೈದರ್ ವಲಿ ದರ್ಗಾ. ಉರುಸಿಗೆ ಬೇಕಾದ ಕವ್ವಾಲಿ ಪ್ಲೇಟುಗಳನ್ನೂ ಮೈಕ್‌ಸೆಟ್‌ನವರು ಇಟ್ಟುಕೊಂಡಿರುತ್ತಿದ್ದರು. ಯೂಸುಫ್ ಆಜಾದ್, ಶಕೀಲಾ ಬಾನೊ ಭೋಪಾಲಿ ಮೊದಲಾದವರ ಇಪಿಗಳು ಈ ಕಡೆ ಸಿಗಬಹುದಾದಂಥವು. ಶಿವರಾತ್ರಿಯ ಹೊತ್ತಿಗೆ ಆವಣಿಯ ದನಗಳ ಜಾತ್ರೆ, ಆಂಜನೇಯನ ಗುಡಿಯ ತೇರು, ಕುರುಡುಮಲೆಯ ಗಣಪನ ಉತ್ಸವ, ದರ್ಗಾದ ಉರುಸು ಎಲ್ಲಕ್ಕೂ ಹಾರನ್ ಕಟ್ಟುತ್ತಿದ್ದದ್ದು ಅದೇ ನಾಲ್ಕಾರು ಅಂಗಡಿಗಳವರು. ಒಂದೇ ಟ್ರಂಕಿನಲ್ಲಿ ಸುಪ್ರಭಾತದ ಪಕ್ಕಕ್ಕೆ ಕವ್ವಾಲಿ, ಅದರ ಕೆಳಗೆ ತೆಲುಗಿನ ಯುಗಳ ಗೀತೆ, ತಮಿಳಿನ ಮುರುಗನ ಹಾಡು ಇರುವುದಕ್ಕೆ ಕಾರಣ ಇಷ್ಟೇ: ಯಾರು ಬುಕ್ ಮಾಡಿದರೂ ಇಲ್ಲ ಎನ್ನಬಾರದು.

ಇಂಥ ಅಂಗಡಿಗಳಲ್ಲಿ ವ್ಯಾಪಾರದ ರೀತಿಯೂ ಬೇರೆ. ಪ್ಲೇಟು ಮಾರುವುದು ಅವರ ಕಸುಬಲ್ಲವಾದ್ದರಿಂದ ಬಿಡಿಬಿಡಿಯಾಗಿ ಬೆಲೆ ಹೇಳುವುದಿಲ್ಲ. “ಒಂದೊಂದೇ ಆರಿಸ್ಕೊಂಡು ಹೋದ್ರೆ ಮಿಕ್ಕಿದ್ದು ನಾನೇನ್ ಮಾಡ್ಲಿ ಸಾರ್, ತಗೊಂಡ್ರೆ ಟ್ರಂಕ್ ಸಮೇತ ತಗೊಳ್ಳಿ” ಎಂಬುದು ಸಾಮಾನ್ಯವಾಗಿ ಕೇಳುವ ಮಾತು. ಬಂದವರೂ “ಯಜಮಾನರೇ” ಎಂದು ಕೂತು, ಒಂದು ಟೀ ಕುಡಿದು, ಹಳೆಯ ಬುಕಿಂಗ್‌ಗಳ ಕಥೆ ಕೇಳಿದರಷ್ಟೇ ಅಟ್ಟಕ್ಕೆ ಏಣಿ ಬೀಳುತ್ತದೆ. ಆ ಕಥೆಗಳನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು, ಪ್ಲೇಟಿನ ಮೇಲಿನ ಗುರುತುಗಳಿಗೆ ಅರ್ಥ ಸಿಗುವುದು ಅವುಗಳಿಂದಲೇ.

ಮುಳಬಾಗಿಲಿನಿಂದ ಬಡಗಲಿಗೆ ತಿರುಗಿದರೆ ಮಾವಿನ ತೋಪುಗಳ ನಡುವೆ ದಾರಿ ಶ್ರೀನಿವಾಸಪುರಕ್ಕೆ ಹೋಗುತ್ತದೆ. ಬಂಗಾರಪೇಟೆಯಿಂದ 1913ರಲ್ಲಿ ಕೋಲಾರಕ್ಕೆ ಬಂದ ನ್ಯಾರೋ ಗೇಜ್ ರೈಲು ಮುಂದೆ ಈ ಊರಿನ ಮೇಲೆ ಚಿಂತಾಮಣಿ, ಚಿಕ್ಕಬಳ್ಳಾಪುರದ ಕಡೆ ಸಾಗುತ್ತಿತ್ತು. ಅದು ನಿಂತು, ಬ್ರಾಡ್‌ಗೇಜ್ ಆಗಿ ಮತ್ತೆ ತೆರೆದದ್ದು 2013ರಲ್ಲಿ. ಇಲ್ಲಿ ದುಡ್ಡು ಓಡಾಡುವುದು ಮಾವಿನ ಸುಗ್ಗಿಯಲ್ಲಿ. ಸಂಗ್ರಾಹಕರ ಅನುಭವದಲ್ಲಿ ಮನೆಗಳಿಂದ ಪ್ಲೇಟು ಸಿಗುವ ಸಂಭವ ಉಳಿದ ಮೂರು ಊರುಗಳಿಗಿಂತ ಇಲ್ಲಿ ಕಡಿಮೆಯೇನಲ್ಲ. ಹಳೆಯ ತೋಪಿನ ಮನೆ, ಮಂಡಿ ಮನೆಗಳನ್ನು ಕೆಡವಿ ಕಟ್ಟುವಾಗ ಬೀರುವಿನಿಂದ ಹೊರಬರುವ ಪ್ಲೇಟುಗಳು ಒಮ್ಮೊಮ್ಮೆ ಒಂದೆರಡು ಸಲ ಮಾತ್ರ ಓಡಿದವು. ಕವರು ಹರಿದಿರುವುದಿಲ್ಲ, ಒಳಗಿನ ಕಾಗದವೂ ಇರುತ್ತದೆ. ಸಂಗ್ರಹದ ದೃಷ್ಟಿಯಿಂದ ಇವು ಮೇಲು ದರ್ಜೆ. ಮೈಕ್‌ಸೆಟ್ ಟ್ರಂಕಿನ ಸವೆದ ಪ್ಲೇಟಿನ ಪಕ್ಕದಲ್ಲಿ ಇವನ್ನಿಟ್ಟರೆ, ಒಂದು ಹಾಡು ಮನೆಯೊಳಗೆ ಎಷ್ಟು ಕೇಳಿಸಿತು, ಬೀದಿಯಲ್ಲಿ ಎಷ್ಟು ಕೇಳಿಸಿತು ಎಂಬ ಅಂತರ ಕಣ್ಣಿಗೇ ಕಾಣುತ್ತದೆ.

ಪ್ಲೇಟುಗಳು ಅಟ್ಟ ಸೇರಲು ಕಾರಣ ಕ್ಯಾಸೆಟ್. ನಿಸಾರ್ ಅಹಮದ್ ಅವರ ಕವನಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಬಂತು. ಅದು ಕನ್ನಡದ ಮೊದಲ ಭಾವಗೀತೆಗಳ ಕ್ಯಾಸೆಟ್. 1987ರಲ್ಲಿ ಹಂಸಲೇಖ ಸಂಗೀತದ ‘ಪ್ರೇಮಲೋಕ’ವನ್ನು ಲಹರಿ ಸಂಸ್ಥೆ ತಂದ ಹೊತ್ತಿಗೆ ಮೈಕ್‌ಸೆಟ್‌ನವರ ಮೇಜಿನ ಮೇಲೆ ಟೇಪ್‌ರೆಕಾರ್ಡರ್ ಕೂತಾಗಿತ್ತು. ಕ್ಯಾಸೆಟ್‌ನಲ್ಲಿ ಹಾಡು ನಾಲ್ಕಲ್ಲ, ಹತ್ತು ಹನ್ನೆರಡು. ಅದಕ್ಕೆ ಗೀರು ಬೀಳುವುದಿಲ್ಲ, ತೇರಿನ ಮೇಲಿಟ್ಟು ಎಳೆದರೂ ಮುಳ್ಳು ಜಿಗಿಯುವ ಭಯವಿಲ್ಲ. ಬೇಕಾದ ಹಾಡುಗಳನ್ನೇ ಆರಿಸಿ ತುಂಬಿಸಿಕೊಳ್ಳಲೂಬಹುದು. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಲೌಡ್‌ಸ್ಪೀಕರ್‌ಗೆ ತಡೆ ಹಾಕಿದ ಮೇಲೆ ಹಾರನ್ ಕಸುಬೂ ಕುಗ್ಗಿತು. ಅಟ್ಟದ ಮೇಲಿನ ಶೀಟಿನ ಕಾವಿಗೆ ಎಷ್ಟೋ ಪ್ಲೇಟುಗಳು ಹಪ್ಪಳದಂತೆ ಬಾಗಿದವು.

ಕೊಂಡು ತಂದ ಮೇಲಿನ ಕೆಲಸಕ್ಕೂ ಕ್ರಮವಿದೆ. ವಿನೈಲ್ ಪ್ಲೇಟನ್ನು ಡಿಸ್ಟಿಲ್ಡ್ ವಾಟರ್‌ಗೆ ಒಂದೆರಡು ಹನಿ ಸೌಮ್ಯ ಸೋಪಿನ ನೀರು ಬೆರೆಸಿ, ಮೆತ್ತಗಿನ ಬಟ್ಟೆಯಿಂದ ಗೆರೆಯ ಗುಂಟ ಸುತ್ತಾಗಿ ಒರೆಸಬೇಕು. ಲೇಬಲ್‌ಗೆ ನೀರು ತಾಗಬಾರದು. ಅರಗಿನ ಪ್ಲೇಟಿಗೆ ಸ್ಪಿರಿಟ್ ಮುಟ್ಟಿಸಲೇಬಾರದು, ಅರಗು ಅದರಲ್ಲಿ ಕರಗುತ್ತದೆ. 78ರ ಪ್ಲೇಟಿನ ಗೆರೆ ಅಗಲವಾಗಿರುವುದರಿಂದ ಅದಕ್ಕೆ ಬೇರೆಯೇ ಮುಳ್ಳು ಬೇಕು. ಇಪಿಯ ಮುಳ್ಳಿನಲ್ಲಿ ಹಾಕಿದರೆ ಗೊರಗೊರ ಸದ್ದೇ ಹೆಚ್ಚು. ಕೀ ಕೊಡುವ ಗ್ರಾಮಫೋನಿಗಾದರೆ ಉಕ್ಕಿನ ಮುಳ್ಳನ್ನು ಬದಿಗೊಂದರಂತೆ ಬದಲಾಯಿಸಬೇಕು, ಸವೆದ ಮುಳ್ಳು ಪ್ಲೇಟನ್ನು ಕೊರೆಯುತ್ತದೆ. ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಬೇಕು.

ಹಾಡುಗಳನ್ನು ಡಿಜಿಟಲ್ ಮಾಡುವವರು ಕಾನೂನನ್ನೂ ಗಮನಿಸಬೇಕಾಗುತ್ತದೆ. ಭಾರತದಲ್ಲಿ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ. ಸಾಹಿತ್ಯ ಮತ್ತು ರಾಗಸಂಯೋಜನೆಯ ಹಕ್ಕು ಕರ್ತೃವಿನ ಕಾಲಾನಂತರವೂ 60 ವರ್ಷ ಇರುತ್ತದೆ. ಬೆಂಗಳೂರಿನಲ್ಲಿ ವಿಕ್ರಮ್ ಸಂಪತ್ ಶುರುಮಾಡಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ 78ರ ಕಾಲದ ಧ್ವನಿಗಳನ್ನು ಡಿಜಿಟಲ್ ರೂಪಕ್ಕೆ ತಂದು ಕೇಳಲು ಸಿಗುವಂತೆ ಮಾಡಿದೆ. ಜನಪ್ರಿಯ ಸಿನಿಮಾ ಹಾಡುಗಳಂತೂ ಕಂಪನಿಗಳ ಮೂಲ ಟೇಪಿನಿಂದಲೇ ಮೊಬೈಲಿಗೆ ಬಂದಿವೆ. ಹಾಗಾಗಿ ಕೋಲಾರ ಜಿಲ್ಲೆಯ ಸವೆದ ಇಪಿಗಳಿಂದ ಹೊಸ ಹಾಡೇನೂ ಸಿಗುವುದಿಲ್ಲ. ಸಿಗುವುದು, ಯಾವ ಹಾಡು ಯಾವ ಊರಿನಲ್ಲಿ ಯಾವ ಸಂದರ್ಭಕ್ಕೆ ಎಷ್ಟು ಬಳಕೆಯಾಯಿತು ಎಂಬ ವಿವರ. ಅದಕ್ಕಾಗಿ ಪಟ್ಟಿಯಲ್ಲಿ ಚಿತ್ರ, ಗಾಯಕರು, ಕಂಪನಿ, ಪ್ಲೇಟಿನ ನಂಬರಿನ ಜೊತೆಗೆ ಸಿಕ್ಕ ಊರು, ಅಂಗಡಿಯ ಸ್ಟಾಂಪು, ಕವರಿನ ಮೇಲಿನ ಬರಹ, ಹೆಚ್ಚು ಸವೆದ ಹಾಡು ಇವಿಷ್ಟನ್ನೂ ಬರೆಯಬೇಕು. ಟೇಪು ಅಂಟಿಸಿದ ಕವರನ್ನು ಬದಲಾಯಿಸದೆ, ಸ್ಟಾಂಪು ಉಜ್ಜದೆ, ಒಂದು ಟ್ರಂಕಿನ ಪ್ಲೇಟುಗಳನ್ನು ಚದುರಿಸದೆ ಒಟ್ಟಿಗೆ ಇಡುವುದು ಮೇಲು. ಮುಳಬಾಗಿಲಿನ ಟ್ರಂಕಿನಿಂದ ಕವ್ವಾಲಿಯನ್ನು ಒಬ್ಬರು, ಘಂಟಸಾಲರನ್ನು ಇನ್ನೊಬ್ಬರು, ರಾಜ್‌ಕುಮಾರರನ್ನು ಮತ್ತೊಬ್ಬರು ಕೊಂಡೊಯ್ದರೆ ಮೂವರಿಗೂ ಒಳ್ಳೆಯ ಪ್ಲೇಟು ಸಿಕ್ಕೀತು, ಆದರೆ ಆ ಊರು ಏನು ಕೇಳುತ್ತಿತ್ತು ಎಂದು ಹೇಳಲು ಮೂವರಿಗೂ ಆಗದು.